ಅಜ್ಞಾನ ದ್ಯಾಮಪ್ಪ, ಅ.ಪಾ.ಕ. ಪಾರ್ವತವ್ವ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಅರ್ಧ ದಿನದ ರಜೆ. ಪೂರ್ತಿ ದಿನದ್ದೂ ಅಲ್ಲ. ಆ ಮಂಗಳವಾರ ದ್ಯಾಮಪ್ಪ ಅರ್ಜಿಯಲ್ಲಿ ‘ಹೊಟ್ಟೆನೋವು’ ಎಂದು ಬರೆದಿದ್ದರೆ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಆ ಕಚೇರಿಯಲ್ಲಿ ವರ್ಷಕ್ಕೆ ನಲವತ್ತು ಹೊಟ್ಟೆನೋವು ಮಂಜೂರಾಗುತ್ತವೆ. ಆದರೆ ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ ಆತ ರಜೆಯ ಅರ್ಜಿಯಲ್ಲಿ ನಿಜ ಬರೆದ. ಕೆಟ್ಟದ್ದು ಅಲ್ಲೇ.

ಕಚೇರಿ ಯಲ್ಲಾಪುರದಲ್ಲಿದೆ, ಜಮೀನಿನ ಕಾಗದಪತ್ರ ನೋಡಿಕೊಳ್ಳುವಂಥದ್ದು. ಇದಕ್ಕಿಂತ ಬಿಡಿಸಿ ಹೇಳುವುದಿಲ್ಲ, ನನ್ನದೂ ಒಂದು ಪಹಣಿ ಅಲ್ಲಿ ತಿದ್ದುಪಡಿಗೆ ಬಿದ್ದುಕೊಂಡಿದೆ. ದ್ಯಾಮಪ್ಪ ಅಲ್ಲಿಯ ಜವಾನ. ಮೂಲ ಊರು ಬನವಾಸಿ ಕಡೆ, ವಯಸ್ಸು ಐವತ್ತಮೂರು, ಓದು ಪಿಯುಸಿ. ಈ ಮೇಜಿನ ಕಡತ ಆ ಮೇಜಿಗೆ, ಆ ಮೇಜಿನ ಚಹಾ ಈ ಮೇಜಿಗೆ ಸಾಗಿಸುತ್ತಲೇ ಆಯುಷ್ಯದ ಅರ್ಧಕ್ಕಿಂತ ಹೆಚ್ಚು ಕಳೆದಿದ್ದ. ಕಚೇರಿಯಲ್ಲಿ ಎಲ್ಲರಿಗೂ ಕುರ್ಚಿ ಇದ್ದವು, ಆತನಿಗೆ ಬಾಗಿಲ ಬಳಿಯ ಸ್ಟೂಲು. ಈಗ ಒಬ್ಬ ಗುಮಾಸ್ತರು ನಿವೃತ್ತರಾಗಿ ಒಂದು ಕುರ್ಚಿ ಖಾಲಿಯಾಗಿತ್ತು. ಪದವಿ ಪಾಸಾದ ಜವಾನರಿದ್ದರೆ ಅದು ಅವರಿಗೇ ಸಲ್ಲಬೇಕೆಂದು ಮೇಲಿನಿಂದ ಪತ್ರವೂ ಬಂದಿತ್ತು. ಆ ಕುರ್ಚಿಯ ಮೇಲೆ ದ್ಯಾಮಪ್ಪನ ಜೀವ ಇತ್ತು.

ಅದಕ್ಕಾಗಿಯೇ ಆತ ಮೂರು ವರ್ಷಗಳಿಂದ, ಯಾರಿಗೂ ಹೇಳದೆ, ಪ್ರತಿ ಭಾನುವಾರ ಬಸ್ಸು ಹತ್ತಿ ಶಿರಸಿಯ ಅಧ್ಯಯನ ಕೇಂದ್ರಕ್ಕೆ ಹೋಗಿ ಬಿ.ಎ. ಓದುತ್ತಿದ್ದ. ವಿಶ್ವವಿದ್ಯಾಲಯದ ಹೊಸ ಪದ್ಧತಿಯಲ್ಲಿ ಮುಖ್ಯವಾಗಿ ಓದುವ ವಿಷಯಕ್ಕೆ ಮೇಜರ್ ಎನ್ನುತ್ತಾರೆ, ಜೊತೆಗೆ ಓದಲೇಬೇಕಾದ ಸಣ್ಣ ವಿಷಯಕ್ಕೆ ಮೈನರ್ ಎನ್ನುತ್ತಾರೆ. ಮೇಜರ್ ಕನ್ನಡ, ಅದನ್ನು ಹೇಗೋ ದಾಟಿದ್ದ. ಮೈನರ್ ಆರಿಸುವಾಗ ಮಾತ್ರ, ಸಂಜೆಯ ಯಲ್ಲಾಪುರ ಬಸ್ಸು ಸಿಗುವ ಹಾಗೆ ಯಾವ ತರಗತಿ ಬೇಗ ಬಿಡುತ್ತದೆ ಎಂದಷ್ಟೇ ಕೇಳಿದ್ದ. ‘ಇಂಟರ್‌ನ್ಯಾಷನಲ್ ಅಫೇರ್ಸ್’ ಎಂದರು. ಸೈ ಎಂದು ಸಹಿ ಹಾಕಿದ. ಅದೇ ವಿಷಯ ಅವನನ್ನು ಎರಡು ಸಲ ಫೇಲು ಮಾಡಿತು. ಇಂದು ಮಧ್ಯಾಹ್ನ ಎರಡಕ್ಕೆ ಮೂರನೆಯ ಪ್ರಯತ್ನ. ಇದೂ ತಪ್ಪಿದರೆ ಮುಂದಿನ ಪರೀಕ್ಷೆಯ ಹೊತ್ತಿಗೆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ.

ವಿಚಿತ್ರವೆಂದರೆ ಫೇಲಾಗುತ್ತ ಆಗುತ್ತಲೇ ಆ ವಿಷಯದ ಮೇಲೆ ಅವನಿಗೆ ಪ್ರೀತಿ ಹುಟ್ಟಿತ್ತು. ಗುಮಾಸ್ತರಿಬ್ಬರು ಫ್ಯಾನಿನ ಕೆಳಗಿನ ಜಾಗಕ್ಕೆ ಜಗಳ ತೆಗೆದರೆ ಅದು ಗಡಿ ವಿವಾದ. ಯಾರ ಪರವೂ ಮಾತಾಡದೆ ಇಬ್ಬರಿಗೂ ಚಹಾ ಕೊಡುವುದು ಅಲಿಪ್ತ ನೀತಿ. ಮನೆಯಲ್ಲಿ ಪಾರ್ವತವ್ವ ಮಾತು ಬಿಟ್ಟು ಬರೀ ಅನ್ನ ಸಾರು ಬಡಿಸಿದರೆ ಅದು ಆರ್ಥಿಕ ದಿಗ್ಬಂಧನ.

ನೌಕರಿಯಲ್ಲಿರುವವರು ಪರೀಕ್ಷೆಗೆ ಬರುವಾಗ ತಮ್ಮ ಕಚೇರಿಯ ಅನುಮತಿ ಪತ್ರ ತರಬೇಕೆಂದು ಈ ಸಲ ಹೊಸದಾಗಿ ಹಾಲ್ ಟಿಕೆಟ್ಟಿನ ಕೆಳಗೆ ಬರೆದಿತ್ತು. ಹಾಗಾಗಿ ಹತ್ತು ಗಂಟೆಗೆ ಸರಿಯಾಗಿ ದ್ಯಾಮಪ್ಪ ತನ್ನ ಅರ್ಜಿ, ಅದರ ಹಿಂದೆ ವಿಶ್ವವಿದ್ಯಾಲಯದ ಇಂಗ್ಲಿಷ್ ಪತ್ರ, ಎರಡನ್ನೂ ಪಿನ್ನು ಹಾಕಿ ಕಚೇರಿಯ ಮುಖ್ಯಸ್ಥರಾದ ರವೀಂದ್ರ ಭಟ್ಟರ ಮುಂದಿಟ್ಟ.

ಭಟ್ಟರು ಓದಿದರು. ಕನ್ನಡಕ ತೆಗೆದು ದ್ಯಾಮಪ್ಪನನ್ನು ನೋಡಿದರು. ಹಾಕಿಕೊಂಡು ಇನ್ನೊಮ್ಮೆ ನೋಡಿದರು.

“ಎಂತದು ಮಾರಾಯಾ ಇದು? ಮೈನರ್, ಇಂಟರ್‌ನ್ಯಾಷನಲ್, ಅಫೇರ್ಸ್ ಅಂತೆಲ್ಲ ಇದ್ಯಲ.”

“ಪರೀಕ್ಷೆ ರೀ ಸಾಹೇಬ್ರ.”

“ಯಾರದ್ದು?”

“ನಂದ ರೀ.”

ಭಟ್ಟರಿಗೆ ಇದು ಅರಗಲು ಸ್ವಲ್ಪ ಹೊತ್ತು ಹಿಡಿಯಿತು. ತಮಗೆ ನಿತ್ಯ ಚಹಾ ತಂದುಕೊಡುವವನು ಚಹಾ ಆರುವಷ್ಟರಲ್ಲಿ ವಿಶ್ವಸಂಸ್ಥೆಯ ಬಗ್ಗೆ ಯೋಚಿಸುತ್ತಿದ್ದನೆಂದು ತಿಳಿದರೆ ಯಾರಾದರೂ ಗಾಬರಿಯಾಗುತ್ತಾರೆ. ಆದರೆ ಅಧಿಕಾರಿ ಎಂದ ಮೇಲೆ ಗಾಬರಿಯಾದರೂ ಒಂದು ಆಕ್ಷೇಪಣೆ ಎತ್ತಲೇಬೇಕು.

“ರಜೆ ಕೊಡ್ಲಿಕ್ಕೆ ನನ್ನದೆಂತ ತಕರಾರಿಲ್ಲ. ಆದರೆ ಇಂಗ್ಲಿಷ್ ಕಾಗದ ಫೈಲಿಗೆ ಹಾಕ್ಲಿಕ್ಕೆ ಬರೂದಿಲ್ಲ. ಶರಣನ ಹತ್ರ ಕನ್ನಡ ಮಾಡಿಸಿ ತಗೊಂಡು ಬಾ, ಸಹಿ ಹಾಕ್ತೆ.”

ಶರಣ ಆ ಕಚೇರಿಯಲ್ಲಿ ವಾರಸಾ ಕಡತಗಳನ್ನು ನೋಡುವವನು. ಮೂವತ್ತರ ಆಸುಪಾಸಿನ ಹುಷಾರಿ ಹುಡುಗ, ಕಂಪ್ಯೂಟರಿನ ಮೇಲೆ ಕೈ ಓಡಿಸಿದರೆ ಕಣ್ಣಿಗೆ ಕಾಣುವುದಿಲ್ಲ. ಪತ್ರ ನೋಡಿದವನೇ ಟಪಟಪ ಹೊಡೆದು, ಮುದ್ರಿಸಿ, ದ್ಯಾಮಪ್ಪನ ಕೈಗೆ ಕೊಟ್ಟ. ದ್ಯಾಮಪ್ಪ ಓದಿದ.

‘ಸದರಿ ದ್ಯಾಮಪ್ಪ, ಜವಾನ, ಇವರು ಅಂತರರಾಷ್ಟ್ರೀಯ ವ್ಯವಹಾರಗಳಲ್ಲಿ ಅಜ್ಞಾನ ಇರುವುದಾಗಿ ವಿಶ್ವವಿದ್ಯಾಲಯವು ದೃಢೀಕರಿಸಿರುತ್ತದೆ.’

ಮೂರು ವರ್ಷ ಓದಿದ್ದಕ್ಕೆ ಇದೇ ಫಲವೇ ಎಂದು ಒಂದು ಗಳಿಗೆ ಕಣ್ಣು ಕತ್ತಲಿಟ್ಟಿತು.

ಇಲ್ಲಿ ಶರಣನನ್ನು ಬೈದು ಉಪಯೋಗವಿಲ್ಲ. ಈ ಸೀಮೆ ಮೊದಲು ಮುಂಬೈ ಸರ್ಕಾರಕ್ಕೆ ಸೇರಿತ್ತು. ಆ ಕಾಲದಿಂದ ಇಲ್ಲಿಯ ಜಮೀನಿನ ದಾಖಲೆಗಳಲ್ಲಿ ಹದಿನೆಂಟು ತುಂಬದ ವಾರಸುದಾರನಿಗೆ, ಅಂದರೆ ಮೈನರ್‌ಗೆ, ‘ಅಜ್ಞಾನ’ ಎಂದೇ ಬರೆಯುವುದು. ಅವನ ಪರವಾಗಿ ಸಹಿ ಮಾಡುವ ಹಿರಿಯರು ‘ಅಜ್ಞಾನ ಪಾಲನಕರ್ತ’, ಚುಟುಕಾಗಿ ಅ.ಪಾ.ಕ. ಶರಣ ನೌಕರಿಗೆ ಸೇರಿದಾಗಿನಿಂದ ಏನಿಲ್ಲವೆಂದರೂ ಎರಡು ಸಾವಿರ ಮೈನರ್‌ಗಳನ್ನು ಅಜ್ಞಾನ ಮಾಡಿದ್ದ, ಒಬ್ಬರೂ ತಕರಾರು ಮಾಡಿರಲಿಲ್ಲ.

“ಶರಣ ಸಾಹೇಬ್ರ, ಇದು ಆ ಮೈನರ್ ಅಲ್ರಿ. ಇದು ಬ್ಯಾರೆ ಮೈನರ್,” ಎಂದ ದ್ಯಾಮಪ್ಪ ಮೆಲ್ಲಗೆ.

“ಮೈನರ್‌ದಾಗ ಬ್ಯಾರೆ ಯಾವ್ದು ಇರ್ತೇತಿ? ಹದಿನೆಂಟು ತುಂಬಿದ್ರ ಮೇಜರ್, ತುಂಬಲಿಲ್ಲಂದ್ರ ಮೈನರ್. ನನಗ ಕಲಸಾಕ ಬರಬ್ಯಾಡ ದ್ಯಾಮಪ್ಪ, ಇದ ಕೆಲಸ ನಂದು.”

ಗಡಿಯಾರದಲ್ಲಿ ಹತ್ತೂವರೆ. ಶಿರಸಿ ಬಸ್ಸು ಹನ್ನೊಂದೂವರೆಗೆ. ವಾದಕ್ಕೆ ನಿಂತರೆ ಬಸ್ಸು ಹೋಗುತ್ತದೆ, ಸುಮ್ಮನಿದ್ದರೆ ಮಾನ ಹೋಗುತ್ತದೆ. ದ್ಯಾಮಪ್ಪ ಅಲಿಪ್ತ ನೀತಿಯನ್ನು ಆರಿಸಿಕೊಂಡ. ಎಷ್ಟೋ ದೇಶಗಳು ಹೀಗೆಯೇ ಹಾಳಾಗಿವೆ ಎಂದು ಪುಸ್ತಕದಲ್ಲಿ ಓದಿದ್ದರೂ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಈಗ ರಜೆ ಮಂಜೂರಾಗುವುದು ಕಾಗದದಲ್ಲಲ್ಲ, ಕಂಪ್ಯೂಟರಿನಲ್ಲಿ. ಶರಣ ನೌಕರರ ಪಟ್ಟಿ ತೆರೆದು, ದ್ಯಾಮಪ್ಪನ ಹೆಸರಿನ ಮುಂದೆ, ಪತ್ರದಲ್ಲಿದ್ದ ಪ್ರಕಾರ, ‘ಅಜ್ಞಾನ’ ಎಂಬ ಖಾನೆಗೆ ಗುರುತು ಹಾಕಿದ. ಕೂಡಲೇ ಪರದೆಯ ತುಂಬ ಕೆಂಪು ಚೌಕಗಳು ಎದ್ದವು. ಪಾಲನಕರ್ತರ ಹೆಸರು, ಸಂಬಂಧ, ಮೊಬೈಲ್ ನಂಬರು. ಅವು ತುಂಬದ ಹೊರತು ಮುಂದೆ ಹೋಗುವುದಿಲ್ಲ.

“ಅಪ್ಪ ಅದಾರನ?” ಶರಣ ಕೇಳಿದ.

“ತೀರಿಕೊಂಡು ಹದಿನಾರು ವರ್ಷಾತ್ರಿ.”

“ಅವ್ವ?”

“ಆಕಿನೂ ಇಲ್ರಿ.”

“ಪಾಪ, ತಬ್ಬಲಿ,” ಎಂದ ಶರಣ ನಿಜವಾದ ಮರುಕದಿಂದ. “ಹಂಗಾರ ಹೆಂಡ್ತಿ ಹೆಸರ ಹಾಕೂನು.”

“ಬ್ಯಾಡ್ರಿ,” ಎಂದ ದ್ಯಾಮಪ್ಪ. “ಆಕಿಗೆ ಗೊತ್ತಿಲ್ರಿ.”

“ಏನ ಗೊತ್ತಿಲ್ಲ?” ಎನ್ನುವಷ್ಟರಲ್ಲಿ ಶರಣ ಹೆಸರು ಹೊಡೆದಾಗಿತ್ತು. ಆ ಕಚೇರಿಯ ದಾಖಲೆಗಳಲ್ಲಿ ಅದುವರೆಗೆ ತಾಯಿ ಅ.ಪಾ.ಕ. ಆದದ್ದಿದೆ, ಅಣ್ಣ ಆದದ್ದಿದೆ, ಸೋದರಮಾವನೂ ಆದದ್ದಿದೆ. ಹೆಂಡತಿ ಅ.ಪಾ.ಕ. ಆದದ್ದು ಅದೇ ಮೊದಲು.

ಪಾರ್ವತವ್ವನಿಗೆ ಗೊತ್ತಿಲ್ಲದ್ದಕ್ಕೆ ಕಾರಣವಿದೆ. ಆಕೆ ಹಾವೇರಿ ಕಡೆಯವಳು, ಮದುವೆಗೆ ಮೊದಲೇ ಬಿ.ಎ. ಪಾಸಾದವಳು. ಹುಡುಗನಿಗೆ ಸರ್ಕಾರಿ ನೌಕರಿ ಇದೆ ಎಂದು ನೋಡಿ ಕೊಟ್ಟಿದ್ದರು, ಎಂಥ ನೌಕರಿ ಎಂದು ಮದುವೆಯ ಗಡಿಬಿಡಿಯಲ್ಲಿ ಯಾರೂ ವಿಚಾರಿಸಿರಲಿಲ್ಲ. ಆಕೆ ಒಂದು ದಿನವೂ ಅದನ್ನು ಆಡಿ ತೋರಿಸಿದವಳಲ್ಲ. ಆಡಿ ತೋರಿಸಿದ್ದರೆ ದ್ಯಾಮಪ್ಪನಿಗೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ. ಪಾಸಾದ ದಿನವೇ ಹೇಳುವುದೆಂದು ನಿರ್ಧರಿಸಿ, ಭಾನುವಾರದ ಶಿರಸಿ ಪ್ರಯಾಣಕ್ಕೆ ‘ಆಫೀಸಿನ ಹೆಚ್ಚುವರಿ ಕೆಲಸ’ ಎಂದು ಸುಳ್ಳು ಹೇಳಿಕೊಂಡು ಬಂದಿದ್ದ.

ಶರಣ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಮೇಜಿನ ಮೇಲಿಟ್ಟ.

“ನಮಸ್ಕಾರ್ರಿ ಅವ್ವಾರ. ಆಫೀಸಿನಿಂದ ಮಾತಾಡಾಕ್ಹತ್ತೇನಿ. ನಿಮ್ಮ ಯಜಮಾನ್ರ ಇಂಟರ್‌ನ್ಯಾಷನಲ್ ಅಫೇರ್ಸ್‌ಗೆ ನಿಮ್ಮ ಒಪ್ಪಿಗಿ ಬೇಕಾಗೇತ್ರಿ. ನಿಮ್ಮ ಮೊಬೈಲಿಗೆ ಆರು ನಂಬರಿನ ಒಂದು ಒಟಿಪಿ ಬಂದೈತಿ, ಹೇಳಿಬಿಡ್ರಿ.”

ಆ ಕಡೆ ಕುಕ್ಕರಿನ ಸೀಟಿ ಕೇಳಿತು.

“ಯಾರ ಅಫೇರ್?” ಪಾರ್ವತವ್ವನ ಧ್ವನಿ ತಣ್ಣಗಿತ್ತು.

“ನಿಮ್ಮ ಯಜಮಾನ್ರದು. ಇವತ್ತ ಮಧ್ಯಾಹ್ನ ಎರಡಕ್ಕ ಶಿರಸ್ಯಾಗ ಐತ್ರಿ. ಮೂರು ತಾಸಿಂದು. ನೀವು ಒಪ್ಪಿಗಿ ಕೊಡ್ದ ನಾವು ಕಳಸಾಕ ಬರಂಗಿಲ್ರಿ.”

“ನನ್ನ ಒಪ್ಪಿಗಿ ತಗೊಂಡ ಮಾಡೂ ಕೆಲಸೇನ್ರಿ ಅದು?”

“ರೂಲ್ಸ್ ಹಂಗ ಐತ್ರಿ,” ಎಂದ ಶರಣ.

ದ್ಯಾಮಪ್ಪ ಮೇಜಿನ ಮೇಲೆ ಬಿದ್ದು ಫೋನು ಕಸಿದುಕೊಂಡು “ಪಾರವ್ವಾ” ಎನ್ನುವಷ್ಟರಲ್ಲಿ ಸಂಪರ್ಕ ಕಡಿದಿತ್ತು. ರಾಜತಾಂತ್ರಿಕ ಸಂಬಂಧ ಕಡಿದುಕೊಳ್ಳುವುದು ಎಂದರೇನೆಂದು ಆತನಿಗೆ ಆಗ ಪಾಠಕ್ಕಿಂತ ಚೆನ್ನಾಗಿ ಅರ್ಥವಾಯಿತು.

ಮನೆಯಿಂದ ಕಚೇರಿಗೆ ನಡೆದು ಬಂದರೆ ಹದಿನೈದು ನಿಮಿಷ. ಪಾರ್ವತವ್ವ ಎಂಟು ನಿಮಿಷಕ್ಕೆ ಬಂದಳು. ಹಿಂದೆಯೇ ಪಕ್ಕದ ಮನೆಯ ಗಂಗಾಂಬಿಕಾ. ಈ ಗಂಗಾಂಬಿಕಾ ಒಳ್ಳೆಯ ಹೆಂಗಸು, ಯಾರ ಮನೆಯಲ್ಲಿ ಕಷ್ಟವಿದ್ದರೂ ಮೊದಲು ಓಡಿ ಬರುತ್ತಾಳೆ. ಕಷ್ಟ ಇನ್ನೂ ಬಂದಿರದಿದ್ದರೆ ಬರುವವರೆಗೆ ಕೂತಿರುತ್ತಾಳೆ.

ಕಚೇರಿಯಲ್ಲಿದ್ದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟರು. ಕೆಲಸವೇನೂ ಇರಲಿಲ್ಲ ಅನ್ನಿ, ಆದರೂ ಬಿಟ್ಟರು. ಪಾರ್ವತವ್ವ ಸೊಂಟದಿಂದ ಒಂದು ಚೀಟಿ ತೆಗೆದು ಭಟ್ಟರ ಮುಂದಿಟ್ಟಳು.

“ಮುಂಜಾನೆ ಇವರ ಅಂಗಿ ಒಗಿಯೂವಾಗ ಕಿಸೇದಾಗ ಸಿಕ್ತ್ರಿ. ನನಗ ಅರ್ಥ ಆಗಿರಲಿಲ್ಲ. ನಿಮ್ಮ ಫೋನ್ ಬಂದ ಮ್ಯಾಲೆ ಎಲ್ಲಾ ಅರ್ಥ ಆತು.”

ಭಟ್ಟರು ಗಂಟಲು ಸರಿಮಾಡಿಕೊಂಡು ಓದಿದರು. ಕೈಬರಹ ದ್ಯಾಮಪ್ಪನದ್ದೇ.

‘ನೇಪಾಳ: ಹಳೆಯ ನಂಟು, ಈಚೆಗೆ ಮುನಿಸು. ಮಾಲ್ಡೀವ್ಸ್: ದೂರವಾಗಿತ್ತು, ಮತ್ತೆ ಹತ್ತಿರ ಬರುತ್ತಿದೆ. ಶ್ರೀಲಂಕಾ: ಕಷ್ಟಕಾಲದಲ್ಲಿ ಕೈಹಿಡಿದದ್ದು ನಾವೇ. ಚೀನಾ: ಎದುರಿಗೆ ನಗು, ನಂಬುವಂತಿಲ್ಲ.’

“ನಾಲ್ಕು ಮಂದಿ,” ಎಂದಳು ಪಾರ್ವತವ್ವ.

“ಹೆಸರ ಬರದ್ರ ಸಿಕ್ಕೊಳ್ತೇವಂತ ದೇಶದ ಹೆಸರ ಇಟ್ಟಾರ್ರಿ,” ಗಂಗಾಂಬಿಕಾ ಬಿಡಿಸಿ ಹೇಳಿದಳು. “ಟಿವಿಯಾಗ ಹಿಂಗ ತೋರಸ್ತಾರ. ನೇಪಾಳ ಅಂದ್ರ ಆಕಿನ ಇರಬೇಕ ನೋಡ್ರಿ, ಚಳಿಗಾಲಕ್ಕ ಬಸ್‌ಸ್ಟ್ಯಾಂಡ್ ಮುಂದ ಸ್ವೆಟರ್ ಮಾರಾಕ ಬರ್ತಾಳಲ್ಲ. ಹೋದ ವರ್ಷ ದ್ಯಾಮಪ್ಪ ಕಾಕಾ ಸ್ವೆಟರ್ ತಗೊಂಡಿದ್ರು. ಈ ವರ್ಷ ತಗೊಂಡಿಲ್ಲ. ಈಚೆಗೆ ಮುನಿಸು ಅಂತ ಬರದಾರ, ತಾಳೆ ಆತಿಲ್ರಿ?”

ಎಲ್ಲರೂ ದ್ಯಾಮಪ್ಪನತ್ತ ತಿರುಗಿದರು. ಆ ನೋಟದಲ್ಲಿ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಿತ್ತು. ಇಷ್ಟು ವರ್ಷ ಲೆಕ್ಕಕ್ಕೇ ಇಲ್ಲದ ಮನುಷ್ಯ ನಾಲ್ಕು ದೇಶ ನಿಭಾಯಿಸುತ್ತಿದ್ದಾನೆಂದರೆ ಸಾಮಾನ್ಯವೇ? ಶರಣನ ಕಣ್ಣಲ್ಲಿ ಸ್ವಲ್ಪ ಗೌರವವೂ ಕಾಣುತ್ತಿತ್ತು.

ದ್ಯಾಮಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಅಂಗಿಯ ಒಳಕಿಸೆಯಿಂದ ಹಾಲ್ ಟಿಕೆಟ್ ತೆಗೆದು ಹೆಂಡತಿಯ ಕೈಯಲ್ಲಿಟ್ಟ.

“ಪರೀಕ್ಷೆ ಪಾರವ್ವಾ. ಬಿ.ಎ. ಓದಾಕ್ಹತ್ತೇನಿ. ಆ ಚೀಟ್ಯಾಗ ಇರೂದು ನಮ್ಮ ದೇಶಕ್ಕ ಆಜೂಬಾಜೂ ದೇಶದ ಜೋಡಿ ಇರೂ ಸಂಬಂಧ. ನನ್ನ ಸಂಬಂಧ ಅಲ್ಲ.”

ಪಾರ್ವತವ್ವ ಹಾಲ್ ಟಿಕೆಟ್ ನೋಡಿದಳು. ಗಂಡನ ಪಾಸ್‌ಪೋರ್ಟ್ ಅಳತೆಯ ಫೋಟೊ ನೋಡಿದಳು, ಅದರ ಕೆಳಗಿನ ಸಹಿ ನೋಡಿದಳು. ಅಫೇರ್ ಎಂದಾಗ ಆಗಿದ್ದಕ್ಕಿಂತ ದೊಡ್ಡ ಆಘಾತ ಆಕೆಗೆ ಈಗ ಆಯಿತು.

“ಎಷ್ಟ ದಿನದಿಂದ?”

“ಮೂರು ವರ್ಷ.”

“ಮೂರು ವರ್ಷ ನನಗ ಹೇಳಲಿಲ್ಲ.”

“ಎರಡು ಸಲ ಫೇಲಾದ್ನಿ. ನೀ ಒಂದ ಸಲಕ್ಕ ಪಾಸಾದಾಕಿ. ಹೆಂಗ ಹೇಳಲಿ?”

ಪಾರ್ವತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಕೆಗೆ ನಿಜಕ್ಕೂ ನೋವಾಗಿತ್ತು. “ನನ್ನ ಕೇಳಿದ್ರ ನಾ ಕಲಸ್ತಿದ್ನಿಲ್ಲ? ಮನ್ಯಾಗ ಮಾಸ್ತರನ್ನ ಇಟಗೊಂಡು ಶಿರಸಿಗೆ ಹೋಗಿ ಫೇಲಾಗಿ ಬಂದ್ರಿ?” ಎಂದಳು. ಆಮೇಲೆ ಮೊಬೈಲು ತೆಗೆದು, ಕನ್ನಡಕ ಹಾಕಿಕೊಂಡು, ಶರಣನಿಗೆ ಆರು ಅಂಕೆಗಳನ್ನೂ ಒಂದೊಂದಾಗಿ ಹೇಳಿದಳು. ಸರ್ವರ್ ಮುಕ್ಕಾಲು ತಾಸು ತಿರುಗಿ ತಿರುಗಿ, ಕೊನೆಗೆ ‘ಯಶಸ್ವಿಯಾಗಿ ದಾಖಲಾಗಿದೆ’ ಎಂದು ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಭಟ್ಟರು ಅನುಮತಿ ಪತ್ರಕ್ಕೆ ಸಹಿ ಹಾಕಿ ಮೊಹರು ಒತ್ತಿದರು.

ಆಗ ಹನ್ನೆರಡೂ ಇಪ್ಪತ್ತು. ಬಸ್ಸು ಹೋಗಿ ಐವತ್ತು ನಿಮಿಷವಾಗಿತ್ತು.

ದೇವರ ದಯೆಯೋ ಏನೋ, ನೂರ್ ಅಹ್ಮದ್ ಅಲ್ಲೇ ಇದ್ದ. ಇವನೊಬ್ಬ ಟೆಂಪೊ ಮಾಲೀಕ, ತನ್ನದೊಂದು ಖಾತೆ ಬದಲಾವಣೆಗಾಗಿ ತಿಂಗಳಿಗೆರಡು ಸಲ ಕಚೇರಿಗೆ ಬಂದು ಬೆಂಚಿನ ಮೇಲೆ ಕೂತು ಹೋಗುತ್ತಿದ್ದ. ಇಷ್ಟೂ ಹೊತ್ತು ಆ ಬೆಂಚಿನಿಂದಲೇ ಎಲ್ಲವನ್ನೂ ನೋಡಿದ್ದ.

“ನಡೀರಿ ಕಾಕಾ, ನಾನು ಬಿಡ್ತೀನಿ. ಶಾದಿ ಮನೆಗೆ ಕುರ್ಚಿ ತಗೊಂಡು ಶಿರಸಿಗೇ ಹೊಂಟೀನಿ. ಮುಂದೆ ಹೆಂಗಸ್ರು ಕುಂದ್ರಲಿ, ನೀವು ಹಿಂದೆ ಕುರ್ಚಿ ಮೇಲೆ ಕುಂದರ್ರಿ.”

ಹೆಂಗಸರು ಬರುತ್ತಾರೆಂದು ಯಾರೂ ಹೇಳಿರಲಿಲ್ಲ. ಆದರೆ ಗಂಗಾಂಬಿಕಾ ಆಗಲೇ ಕಿಟಕಿ ಪಕ್ಕದ ಜಾಗ ಹಿಡಿದಿದ್ದಳು.

ಹೀಗೆ ದ್ಯಾಮಪ್ಪ ಇನ್ನೂರು ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಕೂತು ಶಿರಸಿಗೆ ಹೊರಟ. ಟಿಪ್ಪಣಿಗಳ ಕಟ್ಟನ್ನು ತೊಡೆಯ ಮೇಲೆ ಬಿಚ್ಚಿ ಕೊನೆಯ ಬಾರಿ ಕಣ್ಣಾಡಿಸೋಣವೆಂದುಕೊಂಡ. ಮಂಚಿಕೇರಿಯ ತಿರುವಿನಲ್ಲಿ ಒಂದು ಗಾಳಿ ಬಂತು ನೋಡಿ, ಭದ್ರತಾ ಮಂಡಳಿ ಪೂರ್ತಿ ಹಾರಿತು. ಹಿಂದೆಯೇ ಸೂಯೆಜ್ ಕಾಲುವೆ ಹೋಯಿತು. ಆತ ಕುರ್ಚಿಗಳ ನಡುವೆ ಎದ್ದು ನಿಂತು ಬೊಬ್ಬೆ ಹೊಡೆದರೂ ನೂರ್ ಅಹ್ಮದನಿಗೆ ಕೇಳಲಿಲ್ಲ. ಪಾರ್ವತವ್ವನೇ ಕನ್ನಡಿಯಲ್ಲಿ ಹಾಳೆಗಳು ಹಾರುವುದನ್ನು ಕಂಡು ಗಾಡಿ ನಿಲ್ಲಿಸಲು ಹೇಳಿದಳು.

ಗಂಡ ಹೆಂಡತಿ ಇಬ್ಬರೂ ರಸ್ತೆಯ ಮೇಲೆ ಬಗ್ಗಿ ಬಗ್ಗಿ ಹಾಳೆ ಹೆಕ್ಕಿದರು. ಸಿಕ್ಕಿದ್ದು ಅರ್ಧ. ಉಳಿದರ್ಧ ಗದ್ದೆಗೆ ಇಳಿದು ಹೋಗಿತ್ತು. ದ್ಯಾಮಪ್ಪ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತ. “ಮುಗೀತು ಪಾರವ್ವಾ. ಮನಿಗೆ ಹೋಗೂನು,” ಎಂದ.

“ಏಳ್ರಿ ಮ್ಯಾಲೆ,” ಎಂದಳು ಪಾರ್ವತವ್ವ. ಆಕೆ ಮತ್ತೆ ಮುಂದಿನ ಸೀಟಿಗೆ ಹೋಗಲಿಲ್ಲ. ಹಿಂದೆಯೇ ಹತ್ತಿ, ಒಂದು ಕುರ್ಚಿ ಎಳೆದುಕೊಂಡು ಗಂಡನ ಎದುರಿಗೆ ಕೂತು, ಉಳಿದ ಹಾಳೆಗಳನ್ನು ಕೈಗೆ ತೆಗೆದುಕೊಂಡಳು.

“ವೀಟೊ ಎಷ್ಟ ದೇಶಕ್ಕ ಐತಿ?”

“ಐದಕ್ಕ. ಆರನೇದ್ದು ನಿನಗ.”

“ಚ್ಯಾಷ್ಟಿ ಸಾಕು. ಐದೂ ಹೆಸರು ಹೇಳ್ರಿ.”

ದಾರಿಯುದ್ದಕ್ಕೂ ಆಕೆ ಬಿಡಲಿಲ್ಲ. ತಪ್ಪು ಹೇಳಿದರೆ ಮತ್ತೊಮ್ಮೆ, ಸರಿ ಹೇಳಿದರೆ ಮುಂದಿನದು. ಮೂರು ವರ್ಷ ಅಧ್ಯಯನ ಕೇಂದ್ರದಲ್ಲಿ ತಲೆಗೆ ಹತ್ತದ್ದು ಆ ಒಂದೂವರೆ ತಾಸಿನಲ್ಲಿ, ಟೆಂಪೊ ಕುಲುಕಿದಂತೆಲ್ಲ ಒಳಗಿಳಿಯಿತು. ದ್ಯಾಮಪ್ಪನಿಗೆ ಸಂತೋಷವಾಯಿತು, ಇದನ್ನು ಮೊದಲೇ ಮಾಡದ್ದಕ್ಕೆ ನಾಚಿಕೆಯೂ ಆಯಿತು.

ಪರೀಕ್ಷೆಯ ಕೇಂದ್ರ ಮುಟ್ಟಿದಾಗ ಎರಡಕ್ಕೆ ಮೂರು ನಿಮಿಷ. ಬಾಗಿಲಲ್ಲಿದ್ದ ಮೇಲ್ವಿಚಾರಕರು ಅನುಮತಿ ಪತ್ರ ಓದಿ ತಬ್ಬಿಬ್ಬಾದರು. ಎದುರಿಗಿದ್ದ ನರೆತ ಮೀಸೆಯನ್ನೂ ಪತ್ರವನ್ನೂ ಎರಡೆರಡು ಸಲ ನೋಡಿದರು.

“ಇಲ್ಲಿ ನೀವು ಅಜ್ಞಾನ ಅಂತ ಬರೆದಿದ್ದಾರಲ್ಲ. ನಿಮ್ಮ ಪಾಲಕರು ಯಾರು?”

“ನಾ ಅದೀನ್ರಿ,” ಎಂದು ಪಾರ್ವತವ್ವ ಮುಂದೆ ಬಂದಳು. “ಹುಡುಗ ಒಳಗ ಹೋಗ್ಲಿ ಬಿಡ್ರಿ, ಹೊತ್ತಾತು.”

ಗಂಟೆ ಬಾರಿಸಿತು. ಮೇಲ್ವಿಚಾರಕರು ದಾರಿ ಬಿಟ್ಟರು.

ಪ್ರಶ್ನೆಪತ್ರಿಕೆ ತೆರೆದ ದ್ಯಾಮಪ್ಪನಿಗೆ ನಂಬಲಾಗಲಿಲ್ಲ. ಮೊದಲನೆಯದೇ ನೆರೆಹೊರೆ ದೇಶಗಳ ಸಂಬಂಧ, ಎರಡನೆಯದು ವೀಟೊ. ಮೂರು ತಾಸು ತಲೆಯೆತ್ತದೆ ಬರೆದ. ಎರಡು ಹೆಚ್ಚುವರಿ ಹಾಳೆ ಕೇಳಿ ಪಡೆದ. ಐದು ಗಂಟೆಗೆ ಹೊರಗೆ ಬಂದಾಗ ಅವನ ಮುಖ ನೋಡಿಯೇ ಪಾರ್ವತವ್ವನಿಗೆ ತಿಳಿಯಿತು. ಇಷ್ಟು ವರ್ಷದಲ್ಲಿ ಗಂಡ ಹೀಗೆ ಎದೆ ಮುಂದೆ ಮಾಡಿ ನಡೆದದ್ದನ್ನು ಆಕೆ ಕಂಡಿರಲಿಲ್ಲ.

ನೂರ್ ಅಹ್ಮದ್ ಕುರ್ಚಿಗಳನ್ನು ಇಳಿಸಿ ಬರುವವರೆಗೆ ಮೂವರೂ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಬನ್ಸ್ ತಿಂದು ಚಹಾ ಕುಡಿದರು. “ಪಾಸಾಗ್ತೀನಿ ಪಾರವ್ವಾ. ಕುರ್ಚಿ ನಮ್ಮನಿಗೇ ಬಂತ ತಿಳಿ,” ಎಂದು ದ್ಯಾಮಪ್ಪ ಹೇಳುತ್ತಿದ್ದಾಗ ಅವನ ಫೋನು ಬಡಿದುಕೊಂಡಿತು. ರವೀಂದ್ರ ಭಟ್ಟರು.

“ದ್ಯಾಮಪ್ಪ, ಪಾರ್ವತಮ್ಮ ಹತ್ರ ಇದ್ರೆ ಫೋನ್ ಅವರಿಗೆ ಕೊಡು.”

“ನನ್ನ ಹತ್ರನ ಹೇಳ್ರಲ್ಲ ಸಾಹೇಬ್ರ.”

“ನಿನ್ನ ಹತ್ರ ಹೇಳಿದ್ರೆ ನಡೆಯೂದಿಲ್ಲ ಮಾರಾಯಾ. ನೀನು ಅಜ್ಞಾನ.”

ದ್ಯಾಮಪ್ಪ ಸ್ಪೀಕರು ಹಾಕಿ ಮೇಜಿನ ಮೇಲಿಟ್ಟ. ಭಟ್ಟರು ಶುರು ಮಾಡಿದರು.

“ನೋಡಿ ಅಮ್ಮ, ಆ ಕಂಪ್ಯೂಟರಿನಲ್ಲಿ ಗುರುತು ಹಾಕಿದ್ದು ನೇರ ಮೇಲಿನವರಿಗೆ ಹೋಗಿದೆ. ನಾಲ್ಕು ಗಂಟೆಗೆ ನೋಟಿಸು ಬಂತು. ಹದಿನೆಂಟು ತುಂಬದ ಮಗುವನ್ನ ಕಚೇರಿಯಲ್ಲಿ ದುಡಿಸಿಕೊಳ್ತಾ ಇದ್ದೀರಿ ಅಂತ. ಅದೂ ಇಪ್ಪತ್ತೊಂಬತ್ತು ವರ್ಷದಿಂದ ದುಡಿಸ್ತಾ ಇದ್ದೀರಿ, ಇದು ಬಹಳ ಗಂಭೀರ ಅಂತ ಬರೆದಿದ್ದಾರೆ.”

ಗಂಗಾಂಬಿಕಾ ಬನ್ಸ್ ಕೈಯಲ್ಲಿ ಹಿಡಿದವಳು ಹಾಗೆಯೇ ಕೂತಳು.

“ನಾನೆಂತ ಮಾಡ್ಲಿ ಹೇಳಿ? ನನ್ನ ಮೇಲೆ ಕೇಸ್ ಆಗ್ತಿತ್ತು. ಮಗುವನ್ನ ಈಗಿಂದೀಗ ಕೆಲಸದಿಂದ ಬಿಡುಗಡೆ ಮಾಡಿದೇನೆ ಅಂತ ಉತ್ತರ ಬರೆದು ಕಳಿಸಿದೆ.”

“ತಿದ್ದಿಸ್ರಿ ಸಾಹೇಬ್ರ,” ದ್ಯಾಮಪ್ಪ ಫೋನಿನತ್ತ ಬಾಗಿ ಹೇಳಿದ. “ನನ್ನ ಮೀಸಿ ನೋಡ್ರಿ.”

“ಶರಣ ಆಗಿಂದ ಅದರ ಮುಂದೇ ಕೂತಿದಾನೆ. ಆ ಖಾನೆ ಮತ್ತೆ ತೆರೀಬೇಕಂದ್ರೆ ನಿನಗೆ ಹದಿನೆಂಟು ತುಂಬಬೇಕಂತೆ. ತುಂಬಿದ ದಿನ ತಾನಾಗಿಯೇ ತೆರೀತದಂತೆ.”

ದ್ಯಾಮಪ್ಪ ಗೋಡೆಗೆ ಒರಗಿದ. ಭಟ್ಟರು ಮುಂದುವರಿಸಿದರು.

“ಒಂದು ಒಳ್ಳೆ ಸುದ್ದಿನೂ ಇದೆ ಅಮ್ಮ. ಹೀಗೆ ಮಗುವನ್ನ ಬಿಡಿಸಿದ್ರೆ ಮನೆ ನಡೀಬೇಕಲ್ಲ, ಅದಕ್ಕೆ ಅದರ ಪಾಲಕರಿಗೆ ಅದೇ ಕಚೇರಿಯಲ್ಲಿ, ಅವರ ಓದಿಗೆ ತಕ್ಕ ಕೆಲಸ ಕೊಡಬೇಕು ಅಂತ ನೋಟಿಸಿನಲ್ಲೇ ಇದೆ. ವಯಸ್ಸಿನ ಅಡ್ಡಿ ಇಲ್ಲ. ನೀವು ಬಿ.ಎ. ಅಂತ ಶರಣ ಹೇಳಿದ. ನಮ್ಮಲ್ಲಿ ಗುಮಾಸ್ತರ ಕುರ್ಚಿ ಒಂದು ಖಾಲಿ ಇದ್ಯಲ. ನಿಮ್ಮ ಹೆಸರು ಹಾಕಿ ಕಳಿಸ್ಲಾ?”

ಪಾರ್ವತವ್ವ ಗಂಡನನ್ನು ನೋಡಿದಳು. ಆತನ ಬಾಯಿ ತೆರೆದದ್ದು ತೆರೆದೇ ಇತ್ತು. ಆಕೆಗೆ ಅಯ್ಯೋ ಅನ್ನಿಸಿತು. ಆದರೆ ಬಿ.ಎ. ಪಾಸಾಗಿ ಇಪ್ಪತ್ತೇಳು ವರ್ಷ ಆಕೆಯನ್ನೂ ಯಾರೂ ಒಂದು ಕುರ್ಚಿಯ ಮೇಲೆ ಕೂರಿಸಿರಲಿಲ್ಲ.

“ಮನಿ ನಡೀಬೇಕಲ್ರಿ,” ಎಂದಳು ಮೆಲ್ಲಗೆ. “ಎಂದಿನಿಂದ ಬರಬೇಕು?”

“ನಾಳೆಯೇ ಬನ್ನಿ, ಹತ್ತು ಗಂಟೆಗೆ. ಆದರೆ ಹೊರಡುವ ಮೊದಲು ಇನ್ನೊಂದು ಕೆಲಸ ಇದೆ. ಬಿಡುಗಡೆಯಾದ ಮಗುವನ್ನ ಹತ್ತಿರದ ಶಾಲೆಗೆ ಸೇರಿಸಲೇಬೇಕು. ಒಂಬತ್ತಕ್ಕೆ ಮಾಸ್ತರರು ನಿಮ್ಮ ಮನೆಗೆ ಬರ್ತಾರೆ. ಸ್ನಾನ ಗೀನ ಮಾಡಿಸಿ ತಯಾರು ಮಾಡಿ ಇಟ್ಟಿರಿ.”

“ಯಾವ ಇಯತ್ತೆಗೆ ಹಾಕ್ತಾರಂತ್ರಿ?” ಪಾರ್ವತವ್ವ ಕೇಳಿದಳು.

“ನಾನೂ ಮಾಸ್ತರರ ಹತ್ರ ಅದನ್ನೇ ವಿಚಾರಿಸಿದೆ ಅಮ್ಮ,” ಎಂದರು ಭಟ್ಟರು. “ಅಂತರರಾಷ್ಟ್ರೀಯ ಮಟ್ಟದ ಅಜ್ಞಾನ ಅಂತ ನೀವೇ ಬರೆದು ಕೊಟ್ಟಿದ್ದೀರಿ, ಒಂದನೇ ಇಯತ್ತೆಯಿಂದಲೇ ಶುರು ಮಾಡುವ ಅಂದ್ರು.”